ಓಟೊ ಕೋನಿಗ್ಸ್‌ಬರ್ಗರ್

ಓಟೊ ಹೈನ್ರಿಖ್ ಕೋನಿಗ್ಸ್‌ಬರ್ಗರ್ (ಜನನ: 13 ಅಕ್ಟೋಬರ್ 1908, ಬರ್ಲಿನ್, ಮರಣ: 3 ಜನವರಿ 1999, ಲಂಡನ್) ಜರ್ಮನಿಯಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಮತ್ತು ನಗರ ಯೋಜಕರು. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ನಾಜಿ ಆಡಳಿತವು ಅವರನ್ನು ಪ್ರಷ್ಯಾದ ಸರ್ಕಾರಿ ಕಟ್ಟಡ ಸೇವೆಯಿಂದ ಹೊರಹಾಕಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದ ಬಳಿಕ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಭುವನೇಶ್ವರದ ಮೂಲ ನಗರ ಯೋಜನೆಯನ್ನು ಸಿದ್ಧಪಡಿಸಿದವರು ಇವರೇ. 1948ರಿಂದ 1951ರವರೆಗೆ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿದ್ದು, ಆನಂತರ ಲಂಡನ್ನಿನಲ್ಲಿ ನೆಲೆಸಿ ಉಷ್ಣವಲಯದ ಕಟ್ಟಡ ನಿರ್ಮಾಣವನ್ನು ಒಂದು ಅಧ್ಯಯನ ವಿಷಯವಾಗಿ ಬೆಳೆಸಿದರು.

ಹಿನ್ನೆಲೆ ಮತ್ತು ಶಿಕ್ಷಣ

ಓಟೊ ಅವರ ತಂದೆ ಗೇಯೋರ್ಗ್ ವಾಸ್ತುಶಿಲ್ಪಿ. ತಾಯಿ ಕೇಟೆ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ತಂಗಿ. ಈ ಸೋದರಮಾವನ ಸಂಬಂಧವು ಮುಂದೆ ಓಟೊ ಅವರ ಬದುಕನ್ನು ಬೆಂಗಳೂರಿನತ್ತ ತಿರುಗಿಸಿತು.

ಬರ್ಲಿನ್-ಶಾರ್ಲೊಟ್ಟೆನ್‌ಬುರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ ಅವರು ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿ 1931ರಲ್ಲಿ ಪದವಿ ಪಡೆದರು. ಹಾನ್ಸ್ ಪೋಲ್ತ್ಸಿಗ್ ಅವರ ಗುರುಗಳಲ್ಲಿ ಪ್ರಮುಖರು. ಆ ಕಾಲದ ಬರ್ಲಿನ್ ಹೊಸ ವಾಸ್ತುಶಿಲ್ಪದ ದೊಡ್ಡ ಪ್ರಯೋಗಶಾಲೆಯಂತಿತ್ತು. ಕಾರ್ಮಿಕರಿಗೂ ಕೆಳ ಮಧ್ಯಮ ವರ್ಗದವರಿಗೂ ಬೆಳಕು, ಗಾಳಿ ಮತ್ತು ಹಸಿರುಳ್ಳ ಬಾಡಿಗೆ ಮನೆಗಳ ಬಡಾವಣೆಗಳನ್ನು ಬ್ರೂನೊ ಟೌಟ್‌ರಂಥವರು ಕಟ್ಟುತ್ತಿದ್ದ ಕಾಲ ಅದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ಒಳ್ಳೆಯ ಮನೆ ಕಟ್ಟಿಕೊಡುವುದು ಹೇಗೆ ಎಂಬ ಪ್ರಶ್ನೆ ಕೋನಿಗ್ಸ್‌ಬರ್ಗರ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅದರ ಬೇರು ಈ ವಿದ್ಯಾರ್ಥಿ ದೆಸೆಯಲ್ಲಿದೆ.

ಪದವಿಯ ನಂತರ ಅವರು ಆರಿಸಿಕೊಂಡದ್ದು ಸರ್ಕಾರಿ ಸೇವೆಯ ಹಾದಿಯನ್ನು. ಪ್ರಷ್ಯಾದಲ್ಲಿ ಸರ್ಕಾರಿ ಕಟ್ಟಡಗಳ ಆಡಳಿತವು ಹಣಕಾಸು ಸಚಿವಾಲಯದ ಅಧೀನದಲ್ಲಿತ್ತು. ಶಾಲೆ, ನ್ಯಾಯಾಲಯ, ಆಸ್ಪತ್ರೆ, ಕಚೇರಿಗಳ ನಕ್ಷೆ ಹಾಗೂ ಲೆಕ್ಕಪತ್ರ ಒಂದೇ ಆಡಳಿತದ ಕೆಳಗೆ ನಡೆಯುತ್ತಿದ್ದವು. ಅಲ್ಲಿ ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದ ವಾಸ್ತುಶಿಲ್ಪಿಗೆ ಜೀವಮಾನವಿಡೀ ಭದ್ರವಾದ ಹುದ್ದೆ, ಅದರ ಹಿಂದೆ ಪಿಂಚಣಿ ಮತ್ತು ಸಮಾಜದಲ್ಲಿ ಗೌರವ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಮಹಾ ವಾಸ್ತುಶಿಲ್ಪಿ ಶಿಂಕೆಲ್ ಕೂಡ ಪ್ರಷ್ಯಾದ ಸರ್ಕಾರಿ ನೌಕರರೇ ಆಗಿದ್ದರು. ಅವರ ಹೆಸರಿನ ಶಿಂಕೆಲ್ ಪ್ರಶಸ್ತಿ ಯುವ ವಾಸ್ತುಶಿಲ್ಪಿಗಳಿಗೆ ಸಿಗಬಹುದಾಗಿದ್ದ ದೊಡ್ಡ ಮನ್ನಣೆ. 1933ರಲ್ಲಿ ಅದು ಕೋನಿಗ್ಸ್‌ಬರ್ಗರ್ ಅವರಿಗೆ ಸಂದಿತು. ಅದೇ ವರ್ಷ ಅವರು ಕೆಲಸವನ್ನೂ ಕಳೆದುಕೊಂಡರು.

1933ರ ಕಾನೂನು ಮತ್ತು ಪದಚ್ಯುತಿ

ಹಿಟ್ಲರ್ 1933ರ ಜನವರಿ 30ರಂದು ಚಾನ್ಸೆಲರ್ ಆದ ಎರಡೇ ತಿಂಗಳ ಮೇಲೆ, ಏಪ್ರಿಲ್ 7ರಂದು, ‘ವೃತ್ತಿಪರ ಸರ್ಕಾರಿ ಸೇವೆಯ ಪುನಃಸ್ಥಾಪನೆ ಕಾನೂನು’ ಜಾರಿಗೆ ಬಂದಿತು. ಹೆಸರಿನಲ್ಲಿ ಪುನಃಸ್ಥಾಪನೆ ಎಂದಿದ್ದರೂ ಅದು ಮಾಡಿದ ಕೆಲಸ ಉಚ್ಚಾಟನೆ. ‘ಆರ್ಯರಲ್ಲದ’ ಸರ್ಕಾರಿ ನೌಕರರನ್ನು ನಿವೃತ್ತಿಗೊಳಿಸಬೇಕೆಂದು ಅದರ ಮೂರನೆಯ ಕಲಮು ವಿಧಿಸಿತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ಮೊಮ್ಮಗನನ್ನು ಆರ್ಯನಲ್ಲವೆಂದು ಎಣಿಸಲಾಗುತ್ತಿತ್ತು. ರಾಜಕೀಯವಾಗಿ ಒಪ್ಪಿಗೆಯಾಗದವರನ್ನು ತೆಗೆದುಹಾಕಲು ಬೇರೆ ಕಲಮುಗಳಿದ್ದವು. ಮೊದಲ ಮಹಾಯುದ್ಧದಲ್ಲಿ ಮುಂಚೂಣಿಯಲ್ಲಿ ಹೋರಾಡಿದವರಿಗೂ 1914ರ ಆಗಸ್ಟ್ 1ಕ್ಕೆ ಮುಂಚಿನಿಂದ ಸೇವೆಯಲ್ಲಿದ್ದವರಿಗೂ ಆರಂಭದಲ್ಲಿ ವಿನಾಯಿತಿ ಇತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳ ನಂತರ ಅದೂ ಉಳಿಯಲಿಲ್ಲ. 1908ರಲ್ಲಿ ಹುಟ್ಟಿದ ಕೋನಿಗ್ಸ್‌ಬರ್ಗರ್ ಅವರಿಗೆ ಯುದ್ಧದ ಕಾಲದಲ್ಲಿ ಸೈನಿಕನಾಗುವ ವಯಸ್ಸೇ ಆಗಿರಲಿಲ್ಲ. ಆದ್ದರಿಂದ ವಿನಾಯಿತಿಯ ಪ್ರಶ್ನೆಯೇ ಏಳಲಿಲ್ಲ.

ಈ ಕಾನೂನು ಕಿರಿಯರನ್ನು ಮಾತ್ರ ತಟ್ಟಿದ್ದಲ್ಲ. ಹಣಕಾಸು ಆಡಳಿತದ ತುದಿಯಲ್ಲಿದ್ದವರಿಗೂ ಅದೇ ಗತಿಯಾಯಿತು. ಎರಡು ದೇಶಗಳಲ್ಲಿ ಒಂದೇ ಆದಾಯಕ್ಕೆ ತೆರಿಗೆ ಬೀಳದಂತೆ ತಡೆಯುವ ಒಪ್ಪಂದಗಳ ಕುರಿತು ರಾಷ್ಟ್ರಸಂಘದಲ್ಲಿ ದುಡಿದಿದ್ದ ಹರ್ಬರ್ಟ್ ಡಾರ್ನ್, ಮ್ಯೂನಿಕ್‌ನಲ್ಲಿದ್ದ ಜರ್ಮನಿಯ ಅತ್ಯುನ್ನತ ತೆರಿಗೆ ನ್ಯಾಯಾಲಯದ ಅಧ್ಯಕ್ಷರಾಗಿದ್ದರು. 1934ರಲ್ಲಿ ಅವರನ್ನು ಆ ಸ್ಥಾನದಿಂದ ಇಳಿಸಲಾಯಿತು. ಮುಂದೆ ಅವರೂ ದೇಶ ತೊರೆದರು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ಕೂಡ ಇದೇ ಏಪ್ರಿಲ್‌ನಲ್ಲಿ ಹುದ್ದೆಯಿಂದ ದೂರವಾದರು.

ದೇಶ ಬಿಡುವುದೂ ಸುಲಭವಾಗಿರಲಿಲ್ಲ. ಬಂಡವಾಳ ಹೊರಹೋಗದಂತೆ ತಡೆಯಲು 1931ರ ಡಿಸೆಂಬರ್‌ನಲ್ಲಿ, ನಾಜಿಗಳಿಗೂ ಮುಂಚೆ, ‘ಪಲಾಯನ ತೆರಿಗೆ’ಯೊಂದು ಬಂದಿತ್ತು. ನಿಗದಿತ ಮಿತಿಗಿಂತ ಹೆಚ್ಚು ಆಸ್ತಿಯುಳ್ಳವರು ದೇಶ ಬಿಡುವಾಗ ಅದರ ನಾಲ್ಕನೇ ಒಂದು ಭಾಗವನ್ನು ತೆರಬೇಕಿತ್ತು. ಎರಡು ಲಕ್ಷ ಮಾರ್ಕುಗಳಿದ್ದ ಆಸ್ತಿ ಮಿತಿಯನ್ನು ನಾಜಿ ಸರ್ಕಾರ 1934ರಲ್ಲಿ ಐವತ್ತು ಸಾವಿರಕ್ಕೆ ಇಳಿಸಿತು. ಶ್ರೀಮಂತರ ಬಂಡವಾಳಕ್ಕೆ ಹಾಕಿದ ಬೇಲಿ ಹೀಗೆ ಓಡಿಹೋಗುತ್ತಿದ್ದ ಯಹೂದಿ ಕುಟುಂಬಗಳನ್ನು ಸುಲಿಯುವ ಸಾಧನವಾಯಿತು. ಅದನ್ನು ವಸೂಲು ಮಾಡಿದವರು ಹಣಕಾಸು ಇಲಾಖೆಯ ಸಾಮಾನ್ಯ ಗುಮಾಸ್ತರು ಮತ್ತು ಅಧಿಕಾರಿಗಳು. ವಜಾ ಆದ ನೌಕರರ ಹಿಂದಿನ ಸಹೋದ್ಯೋಗಿಗಳೂ ಅವರಲ್ಲಿದ್ದರು.

ಈಜಿಪ್ಟಿನಲ್ಲಿ

ಕೋನಿಗ್ಸ್‌ಬರ್ಗರ್ ಹೋದದ್ದು ಕೈರೋ ನಗರಕ್ಕೆ. ನೆಫರ್ತೀತಿಯ ಪ್ರಸಿದ್ಧ ಶಿರೋಮೂರ್ತಿಯನ್ನು 1912ರಲ್ಲಿ ಪತ್ತೆಮಾಡಿದ ಲುಡ್‌ವಿಗ್ ಬೋರ್ಖಾರ್ಟ್ ಅಲ್ಲಿ ಪ್ರಾಚೀನ ಈಜಿಪ್ಟಿನ ಕಟ್ಟಡಗಳ ಅಧ್ಯಯನ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. ಅಲ್ಲಿ ಉತ್ಖನನ ನೆಲೆಗಳ ಅಳತೆ ಮತ್ತು ನಕ್ಷೆಗಳ ಕೆಲಸ ಅವರಿಗೆ ದೊರೆಯಿತು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಬಗ್ಗೆ ಅವರು ಬರೆದ ಡಾಕ್ಟರೇಟ್ ಪ್ರಬಂಧ 1936ರಲ್ಲಿ ಜರ್ಮನಿಯಲ್ಲಿಯೇ ಪುಸ್ತಕವಾಗಿ ಪ್ರಕಟವಾಯಿತು. ಸೇವೆಯಿಂದ ಹೊರದೂಡಿದ ದೇಶದಲ್ಲಿ ಆಗ ಅವರ ಪ್ರಬಂಧವೊಂದು ಅಚ್ಚಾಗಬಹುದಿತ್ತು. ಎರಡು ಮೂರು ವರ್ಷ ತಡವಾಗಿದ್ದರೆ ಅದೂ ಆಗುತ್ತಿರಲಿಲ್ಲ.

ಬಿಸಿಲಿನ ನಾಡಿನ ದಪ್ಪ ಗೋಡೆ, ಸಣ್ಣ ಕಿಂಡಿ, ನೆರಳಿನ ಅಂಗಳಗಳನ್ನು ಹತ್ತಿರದಿಂದ ನೋಡಿದ್ದು ಈ ವರ್ಷಗಳ ದೊಡ್ಡ ಲಾಭ. ಬರ್ಲಿನ್ನಿನ ವಾಸ್ತುಶಿಲ್ಪಿ ಸೂರ್ಯನನ್ನು ಮನೆಯೊಳಗೆ ಕರೆತರಲು ಹೆಣಗಬೇಕು. ಕೈರೋದಲ್ಲಿ ಅವನನ್ನು ಹೊರಗಿಡುವುದೇ ಕೌಶಲ.

ಮೈಸೂರು ಸಂಸ್ಥಾನದಲ್ಲಿ

1935ರ ಶರತ್ಕಾಲದಲ್ಲಿ ಮ್ಯಾಕ್ಸ್ ಬಾರ್ನ್ ಅವರು ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರಿಗೆ ಅಲ್ಲಿ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಮಾಡಿದ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಆದರೆ ಬೆಂಗಳೂರಿನ ಆ ಕಿರು ವಾಸದಲ್ಲಿ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಉಂಟಾದ ಪರಿಚಯ ವ್ಯರ್ಥವಾಗಲಿಲ್ಲ. ಸೋದರಮಾವನಿಗೆ ದೊರೆಯದ ನೆಲೆ ಸೋದರಳಿಯನಿಗೆ ದೊರೆಯಿತು. 1939ರಲ್ಲಿ ಕೋನಿಗ್ಸ್‌ಬರ್ಗರ್ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಯ ದಿನಗಳವು. 1926ರಿಂದ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರಿಗೆ ನಗರಗಳ ಅಂದಚೆಂದದ ಮೇಲೆ ಅಪಾರ ಆಸ್ಥೆ. ಬೆಳಗಿನ ಹೊತ್ತು ಕುದುರೆ ಏರಿ ಬೀದಿಗಳನ್ನು ಸುತ್ತಿ, ಚರಂಡಿ, ಉದ್ಯಾನ, ವೃತ್ತಗಳನ್ನು ತಾವೇ ಪರಿಶೀಲಿಸುವ ಆಡಳಿತಗಾರರು ಅವರು. ಜರ್ಮನ್ ಮೂಲದ ತಜ್ಞರು ಮೈಸೂರಿಗೆ ಹೊಸಬರೂ ಅಲ್ಲ: ಲಾಲ್‌ಬಾಗ್‌ನ ಜಿ. ಎಚ್. ಕ್ರುಂಬಿಗಲ್ 1908ರಿಂದಲೇ ಬೆಂಗಳೂರಿನಲ್ಲಿದ್ದು ತೋಟಗಾರಿಕೆಯ ಜೊತೆಗೆ ಸರ್ಕಾರಕ್ಕೆ ಕಟ್ಟಡಗಳ ವಿಷಯದಲ್ಲೂ ಸಲಹೆ ನೀಡಿದ್ದರು. ಆದರೆ ಕೋನಿಗ್ಸ್‌ಬರ್ಗರ್ ಬಂದ ಕೆಲವೇ ತಿಂಗಳಲ್ಲಿ, 1939ರ ಸೆಪ್ಟೆಂಬರ್‌ನಲ್ಲಿ, ಎರಡನೆಯ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಭಾರತದ ಕಾನೂನಿನ ಕಣ್ಣಿಗೆ ಜರ್ಮನಿಯಲ್ಲಿ ಹುಟ್ಟಿದವರೆಲ್ಲ ಶತ್ರು ದೇಶದವರು. ಜರ್ಮನಿಯ ಕಣ್ಣಿಗೆ ಯಹೂದಿಗಳು ಪ್ರಜೆಗಳೇ ಅಲ್ಲ. 1941ರ ನವೆಂಬರ್‌ನ ಆದೇಶವೊಂದು ವಿದೇಶಗಳಲ್ಲಿ ನೆಲೆಸಿದ್ದ ಜರ್ಮನ್ ಯಹೂದಿಗಳ ಪೌರತ್ವವನ್ನು ಒಟ್ಟಾಗಿ ರದ್ದುಗೊಳಿಸಿತು. ಎರಡು ಕಡೆಗೂ ಸಲ್ಲದ ಇಂಥ ಮನುಷ್ಯನಿಗೆ ದೇಶೀ ಸಂಸ್ಥಾನವೊಂದರ ನೇಮಕಾತಿ ಆದೇಶ ಬರೀ ಸಂಬಳದ ಕಾಗದವಾಗಿರಲಿಲ್ಲ.

ದಿವಾನರ ಅಭಿರುಚಿಗೂ ಹೊಸ ವಾಸ್ತುಶಿಲ್ಪಿಯ ತರಬೇತಿಗೂ ಅಂತರವಿತ್ತು. ಮಿರ್ಜಾ ಅವರಿಗೆ ಗುಮ್ಮಟ, ಕಮಾನು, ಛತ್ರಿಗಳುಳ್ಳ ಇಂಡೊ-ಸಾರಸೆನಿಕ್ ಶೈಲಿ ಇಷ್ಟ. ಬರ್ಲಿನ್ನಿನಲ್ಲಿ ಕಲಿತವರಿಗೆ ಅಲಂಕಾರ ಅನಗತ್ಯ ಖರ್ಚು. ಈ ಎಳೆದಾಟದಲ್ಲಿ ಯಾವುದೂ ಪೂರ್ತಿ ಗೆಲ್ಲಲಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಕಲಾಸಿಪಾಳ್ಯದ ಬಸ್ ನಿಲ್ದಾಣ ಮುಂತಾದ ಬೆಂಗಳೂರಿನ ಕೆಲಸಗಳು ಈ ಅವಧಿಗೆ ಸೇರಿದವು. 1941ರಲ್ಲಿ ಮಿರ್ಜಾ ದಿವಾನಗಿರಿಯನ್ನು ತ್ಯಜಿಸಿದ ಬಳಿಕವೂ ಕೋನಿಗ್ಸ್‌ಬರ್ಗರ್ ಸಂಸ್ಥಾನದ ಸೇವೆಯಲ್ಲಿ ಮುಂದುವರಿದರು.

ಅವರ ಬೆಂಗಳೂರಿನ ಕೆಲಸಗಳಲ್ಲಿ ಗಟ್ಟಿಯಾದವು ಊರಿನವರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿವೆ. ಯುದ್ಧದಿಂದಾಗಿ ಬೆಂಗಳೂರು ವಿಮಾನ ಕೈಗಾರಿಕೆಯ ಕೇಂದ್ರವಾಗಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ 1940ರ ಡಿಸೆಂಬರ್‌ನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅದಕ್ಕೆ ಬೇಕಾದ ಎಂಜಿನಿಯರುಗಳನ್ನು ತಯಾರಿಸಲು 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ವಿಮಾನದ ಮಾದರಿಗಳ ಮೇಲೆ ಗಾಳಿಯ ಹೊಡೆತವನ್ನು ಪರೀಕ್ಷಿಸುವ ಗಾಳಿ ಸುರಂಗವನ್ನು ಒಳಗೊಂಡ ಈ ವಿಭಾಗದ ಕಟ್ಟಡ ಕೋನಿಗ್ಸ್‌ಬರ್ಗರ್ ಅವರದು. ಹಿಟ್ಲರನ ಜರ್ಮನಿಯ ವಿರುದ್ಧ ನಡೆದ ಯುದ್ಧಕ್ಕೆ ವಿಮಾನ ವಿದ್ಯೆಯನ್ನು ಒದಗಿಸಿದ ಕಟ್ಟಡವೊಂದಕ್ಕೆ ಜರ್ಮನಿಯಿಂದ ಹೊರಬಿದ್ದವರೇ ನಕ್ಷೆ ಬರೆದಂತಾಯಿತು. ಲೋಹವಿಜ್ಞಾನ ವಿಭಾಗ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣ ಕೂಡ ಅವರ ರಚನೆಗಳು.

ಯುದ್ಧಕಾಲದಲ್ಲಿ ಉಕ್ಕು, ಸಿಮೆಂಟುಗಳಿಗೆ ತೀವ್ರ ಅಭಾವವಿತ್ತು. ಸ್ಥಳೀಯ ಕಲ್ಲು, ಇಟ್ಟಿಗೆ, ಗಾರೆಗಳಿಂದ ಎಷ್ಟು ಸಾಧ್ಯವೋ ಅಷ್ಟನ್ನು ಸಾಧಿಸಬೇಕಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನೆರಳು ಮತ್ತು ಗಾಳಿಯಾಟ ಎರಡಿದ್ದರೆ ಯಂತ್ರದ ಸಹಾಯವಿಲ್ಲದೆ ಕೋಣೆ ತಂಪಾಗಿರುತ್ತದೆ. ಆದ್ದರಿಂದ ಕಟ್ಟಡದ ಉದ್ದನೆಯ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡಬೇಕು, ಪೂರ್ವ-ಪಶ್ಚಿಮದ ಇಳಿಬಿಸಿಲಿಗೆ ಕಿರಿದಾದ ಗೋಡೆ ಮಾತ್ರ ಒಡ್ಡಿಕೊಳ್ಳಬೇಕು, ಎದುರುಬದುರು ಕಿಟಕಿಗಳಿರಬೇಕು, ಅವುಗಳ ಮೇಲೆ ಸಜ್ಜೆ ಬರಬೇಕು. ಇವೆಲ್ಲ ನಮ್ಮ ಮೇಸ್ತ್ರಿಗಳಿಗೆ ರೂಢಿಯಿಂದ ತಿಳಿದ ಸಂಗತಿಗಳೇ. ಅವುಗಳನ್ನು ಅಳೆದು, ಸೂರ್ಯನ ಪಥದ ಲೆಕ್ಕದೊಂದಿಗೆ ಸೂತ್ರಕ್ಕೆ ಇಳಿಸಿದ್ದು ಕೋನಿಗ್ಸ್‌ಬರ್ಗರ್ ಮತ್ತು ಅವರ ಸಮಕಾಲೀನರ ಕೊಡುಗೆ. ಮುಲ್ಕ್ ರಾಜ್ ಆನಂದ್ ಅವರ ಸಂಪಾದಕತ್ವದಲ್ಲಿ 1946ರಲ್ಲಿ ಮುಂಬಯಿಯಿಂದ ಹೊರಟ ‘ಮಾರ್ಗ್’ ಪತ್ರಿಕೆಗೂ ಅವರು ಬರೆಯುತ್ತಿದ್ದರು.

ಭದ್ರಾವತಿ ಮತ್ತು ಜಮ್‌ಶೆಡ್‌ಪುರ

ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ ಸಂಸೆ, ಕಳಸ, ಬಾಳೆಹೊನ್ನೂರುಗಳ ಸೀಮೆಯನ್ನು ಹಾದುಬರುವ ಭದ್ರಾ ನದಿ ಬಯಲಿಗೆ ಇಳಿದ ಮೇಲೆ ಸಿಗುವ ದೊಡ್ಡ ಊರು ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆ ಸಂಸ್ಥಾನದ ಹೆಮ್ಮೆಯ ಉದ್ಯಮ. ಅದಕ್ಕೆ ನೀರು ಭದ್ರೆಯದು, ಅದಿರು ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡುಗಳದು. ಕಾರ್ಖಾನೆ ಬೆಳೆದಂತೆ ಕಾರ್ಮಿಕರ ವಸತಿಯ ಸಮಸ್ಯೆಯೂ ಬೆಳೆಯಿತು. ಭದ್ರಾವತಿಗೆ ನಗರ ಯೋಜನೆ ಸಿದ್ಧಪಡಿಸುವ ಕೆಲಸ ಕೋನಿಗ್ಸ್‌ಬರ್ಗರ್ ಅವರಿಗೆ ಬಂದಿತು. ಬಿಡಿ ಕಟ್ಟಡದಿಂದ ಇಡೀ ಊರಿನತ್ತ ಅವರ ಗಮನ ಹೊರಳಿದ್ದು ಇಲ್ಲಿ.

ಇದೇ ಹಾದಿಯಲ್ಲಿ ಅವರು ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನು 1940ರ ದಶಕದ ಮಧ್ಯಭಾಗದಲ್ಲಿ ಸಿದ್ಧಪಡಿಸಿದರು. ‘ನೆರೆಹೊರೆ ಘಟಕ’ ಎಂಬ ಕಲ್ಪನೆ ಅದರ ತಿರುಳು. ಕೆಲವು ಸಾವಿರ ಜನರಿಗೆ ಒಂದು ಶಾಲೆ, ಅಂಗಡಿ ಸಾಲು, ಆಟದ ಮೈದಾನ, ಚಿಕಿತ್ಸಾಲಯ. ದೊಡ್ಡ ರಸ್ತೆ ದಾಟದೆ ಮಗು ಶಾಲೆ ತಲುಪಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಮೋಟಾರು ವಾಹನಗಳ ದಟ್ಟಣೆಗೆ ಉತ್ತರವಾಗಿ ಹುಟ್ಟಿದ ಈ ವಿಚಾರವನ್ನು ಭಾರತದಲ್ಲಿ ಅವರು ನಡೆಯುವವರ ಮತ್ತು ಸೈಕಲ್ ಸವಾರರ ಊರಿಗೆ ಹೊಂದಿಸಲು ಯತ್ನಿಸಿದರು.

ಭುವನೇಶ್ವರ ಮತ್ತು ದೆಹಲಿ

ಒಡಿಶಾದ ರಾಜಧಾನಿಯನ್ನು ಕಟಕ್‌ನಿಂದ ಭುವನೇಶ್ವರಕ್ಕೆ ಬದಲಿಸಲು ನಿರ್ಧಾರವಾದಾಗ ಹೊಸ ನಗರದ ನಕ್ಷೆಯನ್ನು ಕೋನಿಗ್ಸ್‌ಬರ್ಗರ್ ರಚಿಸಿದರು. 1948ರ ಏಪ್ರಿಲ್ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಮುಖ್ಯ ರಸ್ತೆಯ ಉದ್ದಕ್ಕೂ ಪೋಣಿಸಿದಂತೆ ನೆರೆಹೊರೆ ಘಟಕಗಳು, ಕಾಲುದಾರಿಯಿಂದ ಹೆದ್ದಾರಿಯವರೆಗೆ ಏಳು ಬಗೆಯ ದಾರಿಗಳು, ಸುಮಾರು 40,000 ಜನಸಂಖ್ಯೆಯ ಅಂದಾಜು ಈ ಯೋಜನೆಯಲ್ಲಿದ್ದವು. 2011ರ ಜನಗಣತಿಯ ವೇಳೆಗೆ ಭುವನೇಶ್ವರದ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು.

1948ರಲ್ಲಿ ಅವರು ಕೇಂದ್ರ ಆರೋಗ್ಯ ಸಚಿವಾಲಯದಲ್ಲಿ ವಸತಿ ನಿರ್ದೇಶಕರಾದರು. ಸಚಿವೆ ರಾಜಕುಮಾರಿ ಅಮೃತ್ ಕೌರ್. ದೇಶ ವಿಭಜನೆಯಿಂದ ಲಕ್ಷಾಂತರ ಕುಟುಂಬಗಳು ನೆಲೆ ಕಳೆದುಕೊಂಡು ಶಿಬಿರಗಳಲ್ಲಿದ್ದವು. ಹದಿನೈದು ವರ್ಷಗಳ ಹಿಂದೆ ತಾನೇ ನಿರಾಶ್ರಿತನಾದ ಅಧಿಕಾರಿಯ ಪಾಲಿಗೆ ನಿರಾಶ್ರಿತರ ಊರುಗಳನ್ನು ಕಟ್ಟುವ ಹೊಣೆ ಬಂದಿತು. ಫರಿದಾಬಾದ್, ರಾಜಪುರ, ಕಚ್ಛ್‌ನ ಗಾಂಧಿಧಾಮ ಮೊದಲಾದ ಹೊಸ ಊರುಗಳ ಯೋಜನೆಗಳಲ್ಲಿ ಅವರ ಪಾತ್ರವಿದೆ. ಇವುಗಳ ಅನುಭವವನ್ನು 1952ರಲ್ಲಿ ಬ್ರಿಟನ್ನಿನ ನಗರ ಯೋಜನಾ ನಿಯತಕಾಲಿಕವೊಂದರಲ್ಲಿ ಅವರು ವಿವರವಾಗಿ ಬರೆದರು.

ಈ ಅವಧಿಯ ಕಹಿ ಅಧ್ಯಾಯ ದೆಹಲಿಯ ಸರ್ಕಾರಿ ವಸತಿ ಕಾರ್ಖಾನೆ. ಗೋಡೆ ಮತ್ತು ಚಾವಣಿಯ ಹಲಗೆಗಳನ್ನು ಹಗುರ ಕಾಂಕ್ರೀಟಿನಲ್ಲಿ ಕಾರ್ಖಾನೆಯಲ್ಲಿಯೇ ಎರಕ ಹೊಯ್ದು, ಸ್ಥಳಕ್ಕೆ ಸಾಗಿಸಿ ಜೋಡಿಸಿದರೆ ಮನೆ ಬೇಗ ಏಳುತ್ತದೆ ಎಂಬುದು ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯಿತ್ತು. ಆದರೆ ಹಲಗೆಗಳು ಬಿರುಕು ಬಿಟ್ಟವು, ಸಾಗಣೆಯಲ್ಲಿ ಅಂಚುಗಳು ಮುರಿದವು, ವೆಚ್ಚ ಏರಿತು. ಸಂಸತ್ತಿನಲ್ಲಿ ಕಟು ಟೀಕೆ ಎದ್ದಿತು. ಕೂಲಿ ಅಗ್ಗವಾಗಿಯೂ ಯಂತ್ರ ದುಬಾರಿಯಾಗಿಯೂ ಇರುವ ದೇಶದಲ್ಲಿ ಕಾರ್ಖಾನೆಯ ಮನೆ ಇಟ್ಟಿಗೆಯ ಮನೆಯೊಂದಿಗೆ ಸ್ಪರ್ಧಿಸುವುದು ಕಷ್ಟ. ಈ ಮಾತನ್ನು ಮೊದಲೇ ಗ್ರಹಿಸದಿದ್ದುದು ಯೋಜಕರ ತಪ್ಪೆಂದೇ ಹೇಳಬೇಕು. ಕೋನಿಗ್ಸ್‌ಬರ್ಗರ್ 1951ರಲ್ಲಿ ಭಾರತವನ್ನು ಬಿಟ್ಟರು. ಕಾರ್ಖಾನೆ ಮಾತ್ರ ಮುಚ್ಚಲಿಲ್ಲ; ಉತ್ಪಾದನೆಯ ವಿಧಾನ ಬದಲಿಸಿಕೊಂಡು ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, ಮುಂದೆ ಹಿಂದುಸ್ತಾನ್ ಪ್ರಿಫ್ಯಾಬ್ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಲಂಡನ್ ಮತ್ತು ವಿಶ್ವಸಂಸ್ಥೆಯ ಕೆಲಸ

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಮ್ಯಾಕ್ಸ್‌ವೆಲ್ ಫ್ರೈ ನೇತೃತ್ವದಲ್ಲಿ ಆರಂಭವಾದ ಉಷ್ಣವಲಯ ವಾಸ್ತುಶಿಲ್ಪ ವಿಭಾಗದ ಹೊಣೆಯನ್ನು 1957ರಲ್ಲಿ ಕೋನಿಗ್ಸ್‌ಬರ್ಗರ್ ವಹಿಸಿಕೊಂಡರು. ಆಗತಾನೆ ಸ್ವತಂತ್ರವಾಗುತ್ತಿದ್ದ ಆಫ್ರಿಕ, ಏಷ್ಯಗಳ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. 1971ರಲ್ಲಿ ಈ ವಿಭಾಗ ಯೂನಿವರ್ಸಿಟಿ ಕಾಲೇಜಿಗೆ ವರ್ಗಾವಣೆಯಾಗಿ ಅಭಿವೃದ್ಧಿ ಯೋಜನಾ ಘಟಕವಾಯಿತು.

ವಿಶ್ವಸಂಸ್ಥೆಯ ತಜ್ಞರಾಗಿ ಅವರು ಘಾನಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ನೈಜೀರಿಯ, ಸಿಂಗಪುರಗಳಲ್ಲಿ ಕೆಲಸ ಮಾಡಿದರು. ದೆಹಲಿಯ ಸೋಲು ಕಲಿಸಿದ ಪಾಠ ಘಾನಾದಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಚಾರ್ಲ್ಸ್ ಏಬ್ರಮ್ಸ್ ಮತ್ತು ವ್ಲಾದಿಮಿರ್ ಬೊಡಿಯಾನ್‌ಸ್ಕಿ ಅವರೊಡನೆ ಸೂಚಿಸಿದ ‘ಚಾವಣಿ ಸಾಲ’ ಯೋಜನೆಯಲ್ಲಿ ಸರ್ಕಾರ ಮನೆ ಕಟ್ಟಿಕೊಡುವುದಿಲ್ಲ. ಗ್ರಾಮಸ್ಥರು ತಮ್ಮ ಮಣ್ಣಿನಿಂದ, ತಮ್ಮ ದುಡಿಮೆಯಿಂದ ಗೋಡೆ ಏರಿಸುತ್ತಾರೆ. ಕೈಯಲ್ಲಿ ಕಾಸಿಲ್ಲದೆ ನಿಂತುಹೋಗುವ ಹಂತವಾದ ಚಾವಣಿಗೆ ಮಾತ್ರ ಸರ್ಕಾರ ಸಾಲ ನೀಡುತ್ತದೆ. 1963ರಲ್ಲಿ ಏಬ್ರಮ್ಸ್ ಮತ್ತು ಸುಸುಮು ಕೋಬೆ ಅವರೊಂದಿಗೆ ಸಿಂಗಪುರಕ್ಕೆ ನೀಡಿದ ವರದಿಯಲ್ಲಿ, ದ್ವೀಪದ ನಡುವಿನ ಹಸಿರು ಪ್ರದೇಶವನ್ನು ಉಳಿಸಿ ಸುತ್ತಲೂ ಉಂಗುರದಂತೆ ಪಟ್ಟಣಗಳನ್ನು ಬೆಳೆಸುವ ಕಲ್ಪನೆಯಿತ್ತು. ಇಪ್ಪತ್ತು ವರ್ಷಗಳ ಮುಂದಿನ ಸಿದ್ಧ ನಕ್ಷೆಗಿಂತ ಈಗ ಏನು ಮಾಡಬಹುದೆಂಬುದರಿಂದ ತೊಡಗಿ, ಫಲವನ್ನು ನೋಡಿ ತಿದ್ದುತ್ತ ಹೋಗುವ ‘ಕ್ರಿಯಾ ಯೋಜನೆ’ಯ ಕಡೆಗೆ ಅವರು ಆಗ ಒಲಿದಿದ್ದರು.

ಇನ್ನೂ ಮೂವರೊಡನೆ ಅವರು ಬರೆದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ 1970ರ ದಶಕದಲ್ಲಿ ಪ್ರಕಟವಾಯಿತು. ಅದರ ಭಾರತೀಯ ಮುದ್ರಣವನ್ನು ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಹಾಸಿಗೆ ಹಿಡಿದಷ್ಟು ಸೆಕೆಯ ಬಯಲಿಗೂ ಬಿಡದೆ ಮಳೆ ಸುರಿಯುವ ಮಲೆನಾಡಿಗೂ ಒಂದೇ ನಕ್ಷೆ ಹೊಂದದೆಂಬುದನ್ನು ಅದು ಕೋಷ್ಟಕಗಳ ಮೂಲಕ ತೋರಿಸುತ್ತದೆ. ಅವರು ‘ಹ್ಯಾಬಿಟ್ಯಾಟ್ ಇಂಟರ್‌ನ್ಯಾಷನಲ್’ ನಿಯತಕಾಲಿಕದ ಸಂಪಾದಕರೂ ಆಗಿದ್ದರು. 1989ರಲ್ಲಿ ವಿಶ್ವಸಂಸ್ಥೆಯ ವಸತಿ ವಿಭಾಗದ ಗೌರವ ಪತ್ರ ಅವರಿಗೆ ಸಂದಿತು.

ಕೋನಿಗ್ಸ್‌ಬರ್ಗರ್ 1999ರ ಜನವರಿ 3ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು.